ನೂಲು ಹರಿದಾಗ ಮಗ್ಗ ನಿಲ್ಲಿಸುವವರು ಯಾರು?

ಬಿಡದಿಯ ಟೊಯೊಟ ಕಾರ್ಖಾನೆಯಿಂದ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಅರ್ಧ ಗಂಟೆಯೂ ಹಿಡಿಯದ ದಾರಿ. ಅಲ್ಲಿ ಕಾರು, ಇಲ್ಲಿ ನೂಲು. ಜಿಲ್ಲೆ ಒಂದೇ ಎನ್ನುವುದು ಬಿಟ್ಟರೆ (ಆ ಜಿಲ್ಲೆಯ ಹೆಸರೂ ಈಚೆಗೆ ಬದಲಾಯಿತೆನ್ನಿ) ಇವೆರಡಕ್ಕೂ ಏನು ನಂಟು ಎಂದು ಯಾರಿಗಾದರೂ ಅನ್ನಿಸೀತು. ನಂಟು ಹಳೆಯದು. ಟೊಯೊಟ ಹುಟ್ಟಿದ್ದೇ ಮಗ್ಗದ ಮನೆಯಲ್ಲಿ. ಜಪಾನಿನ ಬಡಗಿಯೊಬ್ಬನ ಮಗ ಸಕಿಚಿ ಟೊಯೊಡ 1896ರಲ್ಲಿ ಒಂದು ಯಂತ್ರಮಗ್ಗ ಮಾಡಿದ. ಹೊಕ್ಕಿನ ಎಳೆ ಹರಿದ ಕೂಡಲೇ ಅದು ತಾನಾಗಿ ನಿಲ್ಲುತ್ತಿತ್ತು. 1924ರಲ್ಲಿ ಬಂದ ‘ಜಿ’ ಮಾದರಿಯ ಮಗ್ಗ ಹಾಸಿನ ಎಳೆ ಹರಿದರೂ ನಿಲ್ಲುತ್ತಿತ್ತು. ಇಂಥ ಏರ್ಪಾಡು ಇಲ್ಲದ ಮಗ್ಗ ಎಳೆ ಹರಿದರೂ ನೇಯುತ್ತಲೇ ಹೋಗುತ್ತಿತ್ತು. ಯಾರಾದರೂ ನೋಡುವ ಹೊತ್ತಿಗೆ ಗಜಗಟ್ಟಲೆ ಬಟ್ಟೆ ಕೆಟ್ಟಿರುತ್ತಿತ್ತು. ಈಗ ಒಬ್ಬ ಹೆಣ್ಣುಮಗಳು ಹಲವು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು. 1929ರಲ್ಲಿ ಬ್ರಿಟನ್ನಿನ ಪ್ಲಾಟ್ ಬ್ರದರ್ಸ್ ಈ ಮಗ್ಗದ ಹಕ್ಕು ಕೊಂಡಿತು. 1937ರಲ್ಲಿ ಸಕಿಚಿಯ ಮಗ ಕಾರಿನ ಕಂಪನಿ ಕಟ್ಟಿದ.

ಆ ಕಂಪನಿಯ ಉತ್ಪಾದನಾ ಪದ್ಧತಿಗೆ ರೂಪ ಕೊಟ್ಟ ತೈಚಿ ಓನೊ ಕೂಡ ನೂಲಿನ ಗಿರಣಿಯಿಂದಲೇ ಬಂದವರು. 1943ರಲ್ಲಿ ಅಲ್ಲಿಂದ ಕಾರಿನ ಕಡೆಗೆ ವರ್ಗವಾದರು. ಮಗ್ಗ ತಾನಾಗಿ ನಿಲ್ಲುತ್ತಿದ್ದುದನ್ನು ಅವರು ಮನುಷ್ಯನ ಕೈಗೆ ಕೊಟ್ಟರು. ಕಾರು ಜೋಡಿಸುವ ಸಾಲಿನಲ್ಲಿ ಕೆಲಸಗಾರನ ಕೈಗೆಟುಕುವಂತೆ ಒಂದು ಹಗ್ಗ. ಬೋಲ್ಟು ಸರಿಯಾಗಿ ಕೂರಲಿಲ್ಲವೇ, ಗೀರು ಕಂಡಿತೇ, ಹಗ್ಗ ಎಳೆಯಬೇಕು. ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಕಾರು ಆ ಠಾವು ದಾಟುವುದರೊಳಗೆ ಸರಿಹೋದರೆ ಸರಿ, ಇಲ್ಲವಾದರೆ ಸಾಲೇ ನಿಲ್ಲುತ್ತದೆ. ನೋಡಹೋದವರೆಲ್ಲ ಆ ಹಗ್ಗದ ಮಾತನ್ನೇ ಆಡುತ್ತ ಬರುತ್ತಾರೆ. ನನಗೆ ಮುಖ್ಯ ಎನ್ನಿಸುವುದು ಓಡಿ ಬರುವ ಆ ಮನುಷ್ಯ. ಅವನು ಬರದಿದ್ದರೆ ಆ ಹಗ್ಗ ಬಟ್ಟೆ ಒಣಹಾಕಲು ಬಂದೀತು, ಅಷ್ಟೇ.

ಗುಣಮಟ್ಟ ನಿರ್ವಹಣೆಯ ಸೂತ್ರಗಳು ಒಂದು ಉದ್ಯಮದಿಂದ ಇನ್ನೊಂದಕ್ಕೆ ಹೋಗಬಲ್ಲವೇ ಎಂಬ ಚರ್ಚೆ ದಶಕಗಳಿಂದ ನಡೆದಿದೆ. ಮಗ್ಗದಿಂದ ಕಾರಿಗೆ ಹೋಗಿದ್ದನ್ನು ನೋಡಿದರೆ, ಖಂಡಿತ ಹೋಗುತ್ತವೆ. ಆದರೆ ಸಲೀಸಾಗಿ ಹೋಗುವುದು ಕಾಗದ: ನಮೂನೆ, ಚೆಕ್‌ಲಿಸ್ಟ್, ರಿಜಿಸ್ಟರು, ಗೇಟಿನ ಮೇಲೆ ‘ಐಎಸ್‌ಒ 9001’ ಎಂಬ ಬೋರ್ಡು. ನಿಲ್ಲಿಸುವ ಅಧಿಕಾರ ಮತ್ತು ಓಡಿ ಬರುವ ಮನುಷ್ಯ, ಇವೆರಡೂ ದಾರಿಯಲ್ಲೇ ಎಲ್ಲೋ ಉದುರಿಹೋಗುತ್ತವೆ.

ಉದುರದೆ ಉಳಿದ ಒಂದು ಜಾಗ ನಮ್ಮ ಹಳ್ಳಿಗಳಲ್ಲೇ ಇದೆ. ಬೆಳಗ್ಗೆ ಆರಕ್ಕೆ ಯಾವುದಾದರೂ ಹಾಲಿನ ಡೇರಿಯ ಮುಂದೆ ನಿಂತು ನೋಡಿ. ಕ್ಯಾನು ಹಿಡಿದವರ ಸಾಲು. ಪ್ರತಿ ಮನೆಯ ಹಾಲಿನಿಂದ ಒಂದಿಷ್ಟು ಸ್ಯಾಂಪಲ್ ತೆಗೆಯುತ್ತಾರೆ, ಯಂತ್ರ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು ಎಂದು ತೋರಿಸುತ್ತದೆ, ಚೀಟಿ ಕೈಗೆ ಬರುತ್ತದೆ. ಬಟವಾಡೆಯ ದಿನ ಎಷ್ಟು ದುಡ್ಡು ಎನ್ನುವುದು ಆ ಚೀಟಿಯಲ್ಲೇ ತೀರ್ಮಾನವಾಗಿರುತ್ತದೆ. ನಿನ್ನೆ ಹಸುವಿಗೆ ಹಿಂಡಿ ಕಡಿಮೆ ಹಾಕಿದ್ದರೆ ಇವತ್ತೇ ಅದರ ಸುಳಿವು ಸಿಗುತ್ತದೆ. ಗುಣಮಟ್ಟದ ಪಾಠ ಮಾಡುವವರು ಗಂಟೆಗಟ್ಟಲೆ ಸ್ಲೈಡು ತೋರಿಸಿ ಹೇಳುವ ‘ಮೂಲದಲ್ಲೇ ಅಳೆ, ಕೂಡಲೇ ತಿಳಿಸು’ ಎಂಬುದು ಇಲ್ಲಿ ಹಲ್ಲುಜ್ಜುವಷ್ಟು ಸಹಜ.

ಒಮ್ಮೆ ಇಂಥ ಸಾಲಿನಲ್ಲಿ ಒಬ್ಬ ಹೆಂಗಸಿನ ಹಾಲು ವಾಪಸಾದದ್ದನ್ನು ಕಂಡೆ. ಹಾಲು ಅಳೆಯುವ ಹುಡುಗ ಆಕೆಗೆ ಸೋದರಳಿಯ ಆಗಬೇಕು. ‘ಅತ್ತೆ, ಇವತ್ತು ಡಿಗ್ರಿ ಬರ್ತಿಲ್ಲ, ತಗೊಂಡೋಗಿ’ ಎಂದ. ಆಕೆ ಅವನ ಅಪ್ಪನ ಹೆಸರು ಹಿಡಿದು, ತಾನು ಅವನನ್ನು ಎತ್ತಿ ಆಡಿಸಿದ್ದನ್ನೆಲ್ಲ ನೆನಪಿಸಿ, ಸಾಲಿನವರಿಗೆಲ್ಲ ಕೇಳುವಂತೆ ಬೈದರು. ಅವನು ಒಂದೇ ಮಾತು ಹೇಳಿದ: ‘ನಾನ್ ಹೇಳ್ತಿಲ್ಲ ಅತ್ತೆ, ಮಿಷನ್ ಹೇಳ್ತಿದೆ.’

ಆ ಮಾತಿನಲ್ಲಿ ಇಡೀ ಶಾಸ್ತ್ರವೇ ಇದೆ. ನಂಟಸ್ತಿಕೆಯ ಊರಿನಲ್ಲಿ ‘ಬೇಡ’ ಎನ್ನುವುದು ಸುಲಭವಲ್ಲ. ಯಂತ್ರ ಹಾಲನ್ನು ಅಳೆದದ್ದಷ್ಟೇ ಅಲ್ಲ, ಅಳೆಯುವ ಹುಡುಗನಿಗೆ ಆಸರೆಯೂ ಆಯಿತು. ಜೊತೆಗೆ ಸಾಲಿನಲ್ಲಿ ನಿಂತವರು ಯಾರೂ ಆಕೆಯ ಪರ ಬಾಯಿ ಬಿಡಲಿಲ್ಲ. ಇವತ್ತು ಡಿಗ್ರಿ ಬಾರದ್ದನ್ನು ಬಿಟ್ಟರೆ ನಾಳೆ ಹುಳಿ ತಿರುಗಿದ್ದೂ ಬಂದೀತು; ಅಂಥ ಒಂದು ಕ್ಯಾನು ಹಾಲು ಶೀತಲೀಕರಣದ ಟ್ಯಾಂಕಿಗೆ ಬಿದ್ದರೆ ಎಲ್ಲರ ಹಾಲೂ ಹೋಯಿತು, ಎಲ್ಲರ ದುಡ್ಡೂ ಹೋಯಿತು. ತಡೆಯದಿದ್ದರೆ ಆಗುವ ನಷ್ಟ ಊರಿಗೇ ಸೇರಿದ್ದಾದ್ದರಿಂದ ತಡೆದವನು ಒಂಟಿಯಾಗಲಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 19 ಅಂಶಗಳ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟನ್ನು ದೆಹಲಿ ಸೇರಿ ಎಂಟು ನಗರಗಳಲ್ಲಿ ಪರೀಕ್ಷಿಸಿತು. 2009ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು: ಸಾವು ಶೇ 1.5ರಿಂದ ಶೇ 0.8ಕ್ಕೆ, ತೊಡಕುಗಳು ಶೇ 11ರಿಂದ ಶೇ 7ಕ್ಕೆ ಇಳಿದಿದ್ದವು. ಕೆನಡಾದ ಒಂಟಾರಿಯೊ ಪ್ರಾಂತ ಅದನ್ನೇ ಕಡ್ಡಾಯ ಮಾಡಿತು. ಪಟ್ಟಿ ಪಾಲಿಸುತ್ತಿದ್ದೇವೆ ಎಂದು ಆಸ್ಪತ್ರೆಗಳು ವರದಿ ಕೊಟ್ಟವು. 101 ಆಸ್ಪತ್ರೆಗಳ ಲೆಕ್ಕ ನೋಡಿದ ಅಧ್ಯಯನ 2014ರಲ್ಲಿ ಹೊರಬಂದಾಗ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಪಟ್ಟಿ ಅದೇ. ಆ ಪಟ್ಟಿಯ ಜೀವವಿರುವುದು ಕೊಯ್ಯುವ ಮುನ್ನ ಎಲ್ಲರೂ ಒಂದು ಗಳಿಗೆ ನಿಂತು ತಂತಮ್ಮ ಹೆಸರು, ಕೆಲಸ ಹೇಳುವುದರಲ್ಲಿ. ಅಗತ್ಯ ಬಿದ್ದರೆ ನರ್ಸ್ ಬಾಯಿ ಬಿಟ್ಟು ‘ಡಾಕ್ಟ್ರೇ, ಸ್ವಲ್ಪ ತಾಳಿ’ ಎನ್ನುವುದರಲ್ಲಿ. ಬಾಯಿ ಬಿಡದೆಯೂ ಟಿಕ್ ಹಾಕಬಹುದು. ಮೇಲಿನಿಂದ ಬಂದ ಆದೇಶಕ್ಕೆ ಟಿಕ್ ಸಾಕು.

ಇನ್ನೊಂದು ಕಥೆ ನಮಗೆ ಹತ್ತಿರದ್ದು. ಹೆರಿಗೆಗೆಂದೇ ಸಿದ್ಧಪಡಿಸಿದ ಚೆಕ್‌ಲಿಸ್ಟಿನ ಮೊದಲ ಪ್ರಯೋಗ 2010ರಲ್ಲಿ ನಡೆದದ್ದು ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ. ಹೆರಿಗೆಯೊಂದಕ್ಕೆ ಮಾಡಲೇಬೇಕಾದ 29 ಕೆಲಸಗಳಲ್ಲಿ ಸಿಬ್ಬಂದಿ ಮೊದಲು ಸರಾಸರಿ ಹತ್ತನ್ನು ಮಾಡುತ್ತಿದ್ದರು. ಪಟ್ಟಿ ಬಂದ ಮೇಲೆ ಇಪ್ಪತ್ತೈದು. ಆ ಹುರುಪಿನಲ್ಲಿ ಉತ್ತರಪ್ರದೇಶದ 24 ಜಿಲ್ಲೆಗಳ 120 ಆರೋಗ್ಯ ಕೇಂದ್ರಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ದೊಡ್ಡ ಪ್ರಯೋಗ ನಡೆಯಿತು. ಪಟ್ಟಿಯ ಜೊತೆಗೆ ತರಬೇತುದಾರರೂ ಬಂದು ನಿಂತರು. ಕೈ ತೊಳೆಯುವುದು, ರಕ್ತದೊತ್ತಡ ನೋಡುವುದು ಎಲ್ಲ ಸುಧಾರಿಸಿತು. 2017ರಲ್ಲಿ ಫಲಿತಾಂಶ ಬಂದಾಗ ತಾಯಂದಿರ, ಶಿಶುಗಳ ಸಾವು ಮತ್ತು ತೀವ್ರ ತೊಡಕುಗಳ ಒಟ್ಟು ಲೆಕ್ಕ ಎರಡೂ ಕಡೆ ಹೆಚ್ಚುಕಡಿಮೆ ಒಂದೇ: ಪಟ್ಟಿ ಇದ್ದಲ್ಲಿ ಶೇ 15.1, ಇಲ್ಲದಲ್ಲಿ ಶೇ 15.3. ತರಬೇತುದಾರರು ಹೋದ ಮೇಲೆ ಅಭ್ಯಾಸಗಳೂ ಜಾರತೊಡಗಿದ್ದವು.

ಇದರಿಂದ ಚೆಕ್‌ಲಿಸ್ಟೇ ನಿಷ್ಪ್ರಯೋಜಕ ಎಂದು ತೀರ್ಮಾನಿಸಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ರಕ್ತದೊತ್ತಡ ಏರಿದೆ ಎಂದು ನರ್ಸ್ ಪಟ್ಟಿಯಲ್ಲಿ ಗುರುತು ಹಾಕಿದಳು ಎನ್ನಿ, ಅಂದರೆ ಹಗ್ಗ ಎಳೆದಳು. ಆಮೇಲೆ? ಆಂಬುಲೆನ್ಸ್, ರಕ್ತ, ಸಿಸೇರಿಯನ್ ಮಾಡಬಲ್ಲ ವೈದ್ಯರು, ಇವರಲ್ಲಿ ಯಾರೋ ಒಬ್ಬರು ಓಡಿ ಬರಬೇಕಲ್ಲ. ಕಾರ್ಖಾನೆಯ ಸೂತ್ರ ಅರ್ಧ ಮಾತ್ರ ಆಸ್ಪತ್ರೆಯ ಹೊಸ್ತಿಲು ದಾಟಿತ್ತು.

ಇನ್ನರ್ಧವೂ ದಾಟಿದ್ದುಂಟು. ಅಮೆರಿಕದ ಸಿಯಾಟಲ್ ನಗರದ ವರ್ಜೀನಿಯಾ ಮೇಸನ್ ಆಸ್ಪತ್ರೆಯ ಮುಖ್ಯಸ್ಥರು 2002ರಲ್ಲಿ ಜಪಾನಿಗೇ ಹೋಗಿ ಟೊಯೊಟ ಪದ್ಧತಿ ಕಲಿತು ಬಂದರು. ರೋಗಿಗೆ ಅಪಾಯ ಕಂಡರೆ ಯಾವ ನೌಕರರೇ ಆದರೂ ಕೆಲಸ ನಿಲ್ಲಿಸಬಹುದು, ಕರೆ ಬಂದರೆ ಮೇಲಿನವರು ಬರಬೇಕು ಎಂದು ನಿಯಮ ಮಾಡಿದರು. ಆದರೂ 2004ರಲ್ಲಿ, ನೋಡಲು ನೀರಿನಂತೆಯೇ ಇದ್ದ ದ್ರವಗಳು ಅದಲುಬದಲಾಗಿ, ಚರ್ಮ ಶುದ್ಧಿ ಮಾಡುವ ದ್ರಾವಣವನ್ನು ರೋಗಿಯೊಬ್ಬರಿಗೆ ಚುಚ್ಚಿ ಅವರು ಸತ್ತರು. ಆಸ್ಪತ್ರೆ ಅದನ್ನು ಮುಚ್ಚಿಡದೆ ಊರಿಗೆಲ್ಲ ಹೇಳಿತು. ಪದ್ಧತಿ ನಿಜವಾಗಿ ಬೇರುಬಿಟ್ಟದ್ದು ಆ ನಂತರವೇ ಎಂದು ನನ್ನ ಎಣಿಕೆ. ತಪ್ಪನ್ನು ಹೇಳಿದವರ ತಲೆ ಹೋಗುವುದಿಲ್ಲ ಎಂದು ಅಲ್ಲಿನವರು ಕಣ್ಣಾರೆ ಕಂಡರು.

ಬೇರು ಬಿಟ್ಟದ್ದು ಒಣಗುವುದೂ ಉಂಟು. ತೊಂಬತ್ತರ ದಶಕದಲ್ಲಿ ಟೊಯೊಟ ಪದ್ಧತಿಯನ್ನು ಶ್ರದ್ಧೆಯಿಂದ ಕಲಿತಿದ್ದ ಬೋಯಿಂಗ್ ಕಂಪನಿಯ ವಿಮಾನವೊಂದರ ಬಾಗಿಲ ಮುಚ್ಚಳ 2024ರ ಜನವರಿ 5ರಂದು ಆಕಾಶದಲ್ಲೇ ಕಿತ್ತುಹೋಯಿತು. ರಿವೆಟ್ ಸರಿಪಡಿಸಲೆಂದು ಕಾರ್ಖಾನೆಯಲ್ಲಿ ಮುಚ್ಚಳ ತೆಗೆದಿದ್ದರು. ತಿರುಗಿ ಕೂರಿಸುವಾಗ ನಾಲ್ಕು ಬೋಲ್ಟು ಹಾಕಿರಲಿಲ್ಲ. ತೆಗೆದದ್ದಕ್ಕೆ ದಾಖಲೆಯೂ ಇರಲಿಲ್ಲ. ನೂಲು ಹರಿದಿತ್ತು, ಮಗ್ಗ ನೇಯುತ್ತಲೇ ಹೋಯಿತು.

ಗುಣಮಟ್ಟದ ಈ ಶಾಸ್ತ್ರ ನಮಗೆ ತಡವಾಗಿ ಬಂತು ಎನ್ನುವಂತಿಲ್ಲ. ‘ಜಿ’ ಮಗ್ಗ ಬಂದ 1924ರಲ್ಲೇ ಅಮೆರಿಕದ ವಾಲ್ಟರ್ ಶೂಹಾರ್ಟ್ ಗುಣಮಟ್ಟ ನಿಯಂತ್ರಣದ ನಕ್ಷೆಯನ್ನು ರೂಪಿಸಿದ್ದರು. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಅವರ ಆಹ್ವಾನದ ಮೇಲೆ ಶೂಹಾರ್ಟ್ 1947–48ರಲ್ಲಿ ಭಾರತಕ್ಕೆ ಬಂದರು. ಅಮೆರಿಕದವರೇ ಆದ ಗುಣಮಟ್ಟ ತಜ್ಞ ಡೆಮಿಂಗ್ ಜಪಾನಿನಲ್ಲಿ ತಮ್ಮ ಪ್ರಸಿದ್ಧ ಉಪನ್ಯಾಸಗಳನ್ನು ಕೊಟ್ಟದ್ದು 1950ರಲ್ಲಿ, ಅಂದರೆ ಆಮೇಲೆ. ನಮ್ಮಲ್ಲಿ ಆ ವಿದ್ಯೆ ಹೆಚ್ಚಾಗಿ ಇನ್‌ಸ್ಪೆಕ್ಟರುಗಳ ಕೊಠಡಿಯಲ್ಲಿ ಉಳಿಯಿತು. ಜಪಾನಿನಲ್ಲಿ 1962ರ ಹೊತ್ತಿಗೆ ಮೇಸ್ತ್ರಿಗಳಿಗೆಂದೇ ಒಂದು ಗುಣಮಟ್ಟದ ಪತ್ರಿಕೆ ಹೊರಟಿತ್ತು, ಕೆಲಸಗಾರರ ಗುಣಮಟ್ಟ ವೃತ್ತಗಳು ಹುಟ್ಟಿದ್ದವು. ಭಾರತದ ಕಂಪನಿಯೊಂದು, ಚೆನ್ನೈನ ಸುಂದರಂ ಕ್ಲೇಟನ್, ಡೆಮಿಂಗ್ ಪ್ರಶಸ್ತಿ ಮುಟ್ಟಿದ್ದು 1998ರಲ್ಲಿ.

ಇನ್‌ಸ್ಪೆಕ್ಟರ ಕೊಠಡಿಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿಯನ್ನು ನೆನೆಯಬೇಕು. 2024ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಅವರಿಗೆ ಕೊಟ್ಟಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಂತು. ಆ ಕಂಪನಿಯ ಕೆಲವು ಬ್ಯಾಚ್‌ಗಳು ಗುಣಮಟ್ಟದ್ದಲ್ಲ ಎಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತು, ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತು, ಹಾಗಾಗಿ ತಡೆಹಿಡಿದಿದ್ದ ದಾಸ್ತಾನು ಬಳಕೆಗೆ ಹೋಯಿತು ಎಂದು ಸರ್ಕಾರವೇ ವಿವರಣೆ ಕೊಟ್ಟಿತು. ಒಂದು ಕೈ ಹಗ್ಗ ಎಳೆದಿತ್ತು, ಇನ್ನೊಂದು ಕೈ ಸಡಿಲಿಸಿತು. ಎರಡು ಪ್ರಯೋಗಾಲಯಗಳ ಫಲಿತಾಂಶ ಬೇರೆಯಾದಾಗ ಕಾರ್ಖಾನೆಯ ಮನುಷ್ಯ ಕೇಳುವ ಮೊದಲ ಪ್ರಶ್ನೆ ‘ಯಾಕೆ ಬೇರೆಯಾಯಿತು?’ ಎಂಬುದು. ಆಡಳಿತ ಕೇಳುವುದು ‘ಯಾರ ವರದಿ ಮೇಲು?’ ಎಂದು.

ಈ ಸೂತ್ರಗಳನ್ನು ಶಾಲೆಗೂ ಒಯ್ಯುವ ಮಾತು ಬಂದರೆ ಮಕ್ಕಳು ಬಟ್ಟೆಯ ಥಾನಲ್ಲ ಎಂಬ ಆಕ್ಷೇಪ ಏಳುತ್ತದೆ. ನ್ಯಾಯವಾದದ್ದೇ. ಸೂತ್ರಗಳನ್ನು ಎಲ್ಲೆಂದರಲ್ಲಿ ಹೇರಿ ಕೈಸುಟ್ಟುಕೊಂಡವರಿದ್ದಾರೆ. ಹೊಸತು ಕಂಡುಹಿಡಿಯುವುದಕ್ಕೇ ಹೆಸರಾದ ತ್ರೀಎಂ ಕಂಪನಿ ತನ್ನ ಸಂಶೋಧಕರ ಮೇಲೂ ಸಿಕ್ಸ್ ಸಿಗ್ಮಾ ಎಂಬ ಗುಣಮಟ್ಟ ಪದ್ಧತಿಯನ್ನು ಹೇರಿ, ಆಮೇಲೆ ಸಡಿಲಿಸಬೇಕಾಯಿತು. ಆದರೆ ನಮ್ಮ ಶಿಕ್ಷಣ ಇಲಾಖೆ ಕಾರ್ಖಾನೆಯಿಂದ ಏನನ್ನೂ ತರಲಿಲ್ಲ ಎನ್ನುವಂತಿಲ್ಲ; ತಂದದ್ದು ಅತ್ಯಂತ ಹಳೆಯದಾದ ಕೊನೆಯ ತಪಾಸಣೆಯನ್ನು. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಅಳತೆಗೋಲು ನೆಟ್ಟಗಾದ ವರ್ಷವೇ ಅಳತೆಯನ್ನು ತಿದ್ದಿದೆವು.

ಎಳೆ ಹರಿದದ್ದು ಹತ್ತನೆಯ ತರಗತಿಯಲ್ಲಲ್ಲ. ಮೂರನೆಯ ತರಗತಿಯಲ್ಲಿ ಒಂದು ಮಗುವಿಗೆ ಒತ್ತಕ್ಷರ ಓದಲು ಬರುತ್ತಿಲ್ಲ ಎಂದು ಮೇಷ್ಟ್ರಿಗೆ ಅಂದೇ ಗೊತ್ತಿರುತ್ತದೆ. ಎರಡು ವಾರ ಪಾಠ ನಿಲ್ಲಿಸಿ ಓದು ಕಲಿಸುತ್ತೇನೆ ಎಂದರೆ ಪಠ್ಯಕ್ರಮ ಹಿಂದೆ ಬೀಳುತ್ತದೆ, ಭೇಟಿಗೆ ಬಂದವರು ಕೇಳುವುದು ಪಾಠ ಎಲ್ಲಿಗೆ ಬಂತು ಎಂದೇ. ನಿಲ್ಲಿಸುವುದೆಂದರೆ ಮಗುವನ್ನು ಫೇಲು ಮಾಡುವುದು ಎಂದು ನಾವು ತಿಳಿದಿದ್ದೇವೆ. ಸಕಿಚಿಯ ಮಗ್ಗ ಬಟ್ಟೆಯನ್ನು ಹೊರಗೆಸೆಯುತ್ತಿರಲಿಲ್ಲ. ತಾನು ನಿಲ್ಲುತ್ತಿತ್ತು, ಗಂಟು ಹಾಕಿಸಿಕೊಂಡು ಮುಂದೆ ಹೋಗುತ್ತಿತ್ತು.

ಮತ್ತೆ ಆಸ್ಪತ್ರೆಗೆ ಮರಳೋಣ. ಸರ್ಕಾರಿ ಆಸ್ಪತ್ರೆಗಳಿಗೆ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳಿವೆ, ಹೆರಿಗೆ ಕೋಣೆಗಳಿಗೆ 2017ರಿಂದ ‘ಲಕ್ಷ್ಯ’ ಕಾರ್ಯಕ್ರಮವಿದೆ, ಉದ್ದುದ್ದ ಪಟ್ಟಿಗಳಿವೆ. ಅವು ಇರಲಿ, ಅವುಗಳಿಂದಾಗಿ ಎಷ್ಟೋ ಹೆರಿಗೆ ಕೋಣೆಗಳಿಗೆ ನೀರು, ಬೆಳಕು, ಪರದೆ ಬಂದಿವೆ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕುವ ಗೋಡೆಯ ಮೇಲೆ ಇನ್ನೊಂದು ಚೀಟಿ ಅಂಟಿಸಲು ಜಾಗವಿದ್ದೇ ಇರುತ್ತದೆ. ರಾತ್ರಿ ಎರಡು ಗಂಟೆಗೆ ಡ್ಯೂಟಿಯ ನರ್ಸ್ ಬಾಟಲಿಯೊಂದನ್ನು ಬೆಳಕಿಗೆ ಹಿಡಿದು, ಅನುಮಾನ ಬಂದು ಪಕ್ಕಕ್ಕಿಟ್ಟರೆ, ಆ ಕೂಡಲೇ ಫೋನೆತ್ತಿ ಬರಬೇಕಾದವರ ಹೆಸರು ಮತ್ತು ಮೊಬೈಲ್ ನಂಬರು. ಅದರ ಕೆಳಗೆ ಒಂದು ಸಾಲು: ಪಕ್ಕಕ್ಕಿಟ್ಟ ಬಾಟಲಿಯಲ್ಲಿ ದೋಷವಿಲ್ಲವೆಂದು ಆಮೇಲೆ ತಿಳಿದರೂ ಇಟ್ಟವರಿಗೆ ನೋಟಿಸು ಕೊಡುವುದಿಲ್ಲ.