ಲೈನ್ ಎಳೆದ ಕಂಪನಿಗೆ ಲಾಭ ಖಾತ್ರಿ, ಕಂಬ ಹಾಕಿಸಿದ ರೈತನಿಗೆ ಏನು?

ದೀಪದ ಬುಡದಲ್ಲಿ ಕತ್ತಲು ಅನ್ನೋ ಮಾತು ನಮ್ಮ ರಾಯಚೂರು ಜಿಲ್ಲೆಗೆ ಹೇಳಿ ಮಾಡಿಸಿದಂಗದ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1985ರಿಂದ ಕರೆಂಟು ತಯಾರಿಸ್ತಿದೆ. ಅದರ ಸಾಮರ್ಥ್ಯ 1,720 ಮೆಗಾವಾಟ್. ಯರಮರಸ್‌ನಲ್ಲಿ ಇನ್ನೂ 1,600 ಮೆಗಾವಾಟ್. ಇಷ್ಟಿದ್ದೂ ಸಿಂಧನೂರಿನ ಕೊನೆಯ ಕ್ಯಾಂಪು, ಮಸ್ಕಿಯ ಒಣಭೂಮಿ, ಲಿಂಗಸುಗೂರಿನ ದೂರದ ಹೊಲಗಳಲ್ಲಿ ವೋಲ್ಟೇಜ್ ಸಾಲೋದಿಲ್ಲ, ಟಿ.ಸಿ. ಸುಟ್ಟಿತು ಅನ್ನೋ ಮಾತು ತಪ್ಪೋದಿಲ್ಲ.

ಕರೆಂಟು ತಯಾರಿಸೋದು ಒಂದು ಕೆಲಸ, ಸಾಗಿಸೋದು ಇನ್ನೊಂದು ಕೆಲಸ. ಈ ವಾರ ನಾನು ಬರೀತಿರೋದು ಸಾಗಿಸೋ ಲೈನಿನ ದುಡ್ಡಿನ ಬಗ್ಗೆ. ಲೈನಿಗೆ ದುಡ್ಡು ಹಾಕಿದವರಿಗೆ ಕರೆಂಟ್ ದರದ ಮೂಲಕ ಲಾಭ ಕೊಡೋ ಪದ್ಧತಿ ನಮ್ಮ ದೇಶದಲ್ಲಿ ಇದೆ. ಅದು ತಪ್ಪಲ್ಲ. ಆದರೆ ಆ ಲಾಭ ದೊಡ್ಡ ಟವರ್ ಹತ್ರನೇ ನಿಂತುಬಿಡುತ್ತದೆ, ಹೊಲದ ಕೊನೆಯ ಕಂಬಕ್ಕೆ ಬರೋದಿಲ್ಲ. ನನ್ನ ತಕರಾರು ಇರೋದು ಇಲ್ಲಿ.

ನಮ್ಮ ಜಿಲ್ಲೆಯಿಂದ ಹೊರಟ ದೊಡ್ಡ ಲೈನು

ಹತ್ತು ಹದಿನೈದು ವರ್ಷದ ಹಿಂದೆ ದಕ್ಷಿಣ ಭಾರತದ ವಿದ್ಯುತ್ ಜಾಲ ಉಳಿದ ದೇಶದ ಜಾಲದಿಂದ ಬೇರೆಯೇ ಇತ್ತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ನಾವು ಬಚಾವಾದದ್ದು ಅದೇ ಕಾರಣಕ್ಕೆ. ಆದರೆ ಬೇರೆ ಇದ್ದದ್ದರಿಂದ ನಷ್ಟವೂ ಇತ್ತು. ಅಲ್ಲಿ ಕರೆಂಟು ಅಗ್ಗ ಇದ್ದರೂ ಇಲ್ಲಿಗೆ ತರೋಕೆ ಸಾಕಷ್ಟು ದಾರಿ ಇರಲಿಲ್ಲ, ದಕ್ಷಿಣದ ರಾಜ್ಯಗಳು ಹೆಚ್ಚು ರೇಟ್ ಕೊಟ್ಟು ಕೊಳ್ಳಬೇಕಿತ್ತು.

ಆ ದಾರಿ ತೆರೆದದ್ದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನು. ಪವರ್‌ಗ್ರಿಡ್ ಸಂಸ್ಥೆ ಕಟ್ಟಿದ ಮೊದಲ ಲೈನು 2013ರ ಡಿಸೆಂಬರ್ 31ರಂದು ಚಾಲೂ ಆಯ್ತು. ಅವತ್ತು ಇಡೀ ದೇಶ ಒಂದೇ ಜಾಲ ಆಯ್ತು. ಅದೇ ಮಾರ್ಗದ ಎರಡನೇ ಲೈನನ್ನು ಟೆಂಡರ್‌ನಲ್ಲಿ ಗೆದ್ದ ಖಾಸಗಿ ಕಂಪನಿ ಕಟ್ಟಿ 2014ರಲ್ಲಿ ಮುಗಿಸಿತು.

ಇಂಥ ಲೈನಿಗೆ ದುಡ್ಡು ಹಾಕುವವರು ಸುಮ್ಮನೆ ಹಾಕೋದಿಲ್ಲ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ನಿಯಮದಂತೆ ದರ ಕಟ್ಟಿದರೆ ಲೆಕ್ಕ ಹೀಗೆ ಬರುತ್ತದೆ. 100 ಕೋಟಿಯ ಲೈನು ಅಂದುಕೊಳ್ಳಿ. 70 ಕೋಟಿ ಸಾಲ, 30 ಕೋಟಿ ಕಂಪನಿಯ ಸ್ವಂತ ಬಂಡವಾಳ. ಸಾಲದ ಬಡ್ಡಿ, ಸವಕಳಿ, ನಿರ್ವಹಣೆ ಖರ್ಚು ಎಲ್ಲಾ ದರದಲ್ಲೇ ವಸೂಲಾಗುತ್ತದೆ. ಅದರ ಮೇಲೆ ಸ್ವಂತ ಬಂಡವಾಳಕ್ಕೆ ವರ್ಷಕ್ಕೆ ಶೇ 15.5 ಲಾಭ, ಅಂದರೆ 4 ಕೋಟಿ 65 ಲಕ್ಷ ರೂಪಾಯಿ. 2009 ಮತ್ತು 2014ರ ನಿಯಮಗಳಲ್ಲಿ, ಹೇಳಿದ ಅವಧಿಯೊಳಗೆ ಕೆಲಸ ಮುಗಿಸಿದವರಿಗೆ ಇನ್ನೂ ಶೇ 0.5 ಜಾಸ್ತಿ ಇತ್ತು. ನಮ್ಮ ಉದಾಹರಣೆಯಲ್ಲಿ ಅದು ವರ್ಷಕ್ಕೆ 15 ಲಕ್ಷ. ಲೈನು ಶೇ 98.5ಕ್ಕಿಂತ ಹೆಚ್ಚು ಸಮಯ ಸರಿಯಾಗಿ ಲಭ್ಯ ಇದ್ದರೆ ಅದಕ್ಕೂ ಬೇರೆ ಪ್ರೋತ್ಸಾಹಧನ. 2024ರಿಂದ ಹೊಸ ಲೈನುಗಳಿಗೆ ಲಾಭದ ಪ್ರಮಾಣ ಶೇ 15ಕ್ಕೆ ಇಳಿದಿದೆ, ಆದರೆ ಪದ್ಧತಿ ಅದೇ.

ಈ ದುಡ್ಡು ಎಲ್ಲಿಂದ ಬರ್ತದೆ? ಸಾಗಣೆ ಶುಲ್ಕ ಅಂತ ಜೆಸ್ಕಾಂನಂಥ ಕಂಪನಿಗಳ ಖರ್ಚಿಗೆ ಸೇರಿ, ಕೊನೆಗೆ ಗ್ರಾಹಕರ ಬಿಲ್ಲಿಗೆ ಬರ್ತದೆ. ರಾಜ್ಯದೊಳಗಿನ ಕೆಪಿಟಿಸಿಎಲ್ ಲೈನುಗಳ ದರವನ್ನು ಕೆಇಆರ್‌ಸಿ ಹೆಚ್ಚುಕಡಿಮೆ ಇದೇ ಮಾದರಿಯಲ್ಲಿ ಕಟ್ಟುತ್ತದೆ.

ಕೊನೆಯ ಕಂಬ ಯಾರ ದುಡ್ಡು?

ಈಗ ನಮ್ಮ ಹೊಲಕ್ಕೆ ಬರೋಣ. 2023ರ ಸೆಪ್ಟೆಂಬರ್ ನಂತರ ಹೊಸದಾಗಿ ಪಂಪ್‌ಸೆಟ್ ಸಂಪರ್ಕ ಕೇಳುವ ರೈತ ಕಂಬ, ವೈರು, ಟಿ.ಸಿ. ಖರ್ಚನ್ನು ತಾನೇ ಭರಿಸಬೇಕು. ಲೈನಿನಿಂದ 500 ಮೀಟರ್‌ಗಿಂತ ದೂರ ಇದ್ದರೆ ಸೋಲಾರ್ ಪಂಪ್‌ಸೆಟ್ ಹಾಕಿಕೊಳ್ಳಿ ಅಂತಾರೆ. ಅದಕ್ಕೆ ಕುಸುಮ್-ಬಿ ಯೋಜನೆಯಲ್ಲಿ ಕೇಂದ್ರದ ಶೇ 30, ರಾಜ್ಯದ ಶೇ 50 ಸಹಾಯಧನ ಇದೆ, ರೈತನ ಪಾಲು ಶೇ 20. ಸೋಲಾರ್ ದಾರಿ ಒಳ್ಳೆಯದೇ. ಆದರೆ ಲೈನಿನ ಹತ್ತಿರ ಇರುವವನಿಗೆ ಸ್ವಂತ ದುಡ್ಡೇ ಗತಿ.

ಒಬ್ಬ ರೈತ ಇದಕ್ಕೆ 2 ಲಕ್ಷ ಹಾಕಿದ ಅಂದುಕೊಳ್ಳಿ. ಕೆಲಸ ಮುಗಿದ ಮೇಲೆ ಆ ಕಂಬ, ಆ ಟಿ.ಸಿ. ವಿದ್ಯುತ್ ಕಂಪನಿಯ ಜಾಲಕ್ಕೆ ಸೇರ್ತದೆ. ಗ್ರಾಹಕರ ದುಡ್ಡಿನಿಂದ ಆದ ಆಸ್ತಿಯ ಮೇಲೆ ಕಂಪನಿ ಲಾಭ ಎಣಿಸುವಂತಿಲ್ಲ ಅನ್ನೋ ನಿಯಮ ಇದೆ, ಅದು ಸರಿ. ಆದರೆ ದುಡ್ಡು ಹಾಕಿದ ರೈತನಿಗೂ ಏನೂ ಇಲ್ಲ. ಟವರ್ ಕಟ್ಟಿದ ಕಂಪನಿಯ ಲೆಕ್ಕದಲ್ಲಿ ಆ 2 ಲಕ್ಷಕ್ಕೆ ವರ್ಷಕ್ಕೆ 31 ಸಾವಿರ ರೂಪಾಯಿ ಲಾಭ ಬರ್ತಿತ್ತು. ರೈತ ಅದೇ ದುಡ್ಡನ್ನು ದಲಾಲಿ ಅಂಗಡಿಯಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದಿದ್ದರೆ ವರ್ಷಕ್ಕೆ 48 ಸಾವಿರ ಬಡ್ಡಿ ಕಟ್ಟಬೇಕು. ಒಂದೇ ಜಾಲ, ಒಂದೇ ಕರೆಂಟು. ಮೇಲಿನ ತುದಿಯಲ್ಲಿ ದುಡ್ಡು ಹಾಕಿದವನಿಗೆ ಲಾಭ ಖಾತ್ರಿ, ಕೆಳಗಿನ ತುದಿಯಲ್ಲಿ ಹಾಕಿದವನಿಗೆ ಬಡ್ಡಿ ಖಾತ್ರಿ.

ಇದು ನಮ್ಮ ಮೂರು ತಾಲ್ಲೂಕಿಗೆ ಸಣ್ಣ ವಿಷಯ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ ನೀರು ತಲುಪದಿದ್ದರೆ ಭತ್ತ ಉಳಿಸೋದು ಮೋಟರ್. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ಕಾಲುವೆ ನೀರನ್ನೇ ನಂಬಿ ಕೂತರೆ ಏನಾಗಬಹುದು ಅಂತ ಎಲ್ಲರಿಗೂ ಗೊತ್ತಾಯ್ತು. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5(ಎ) ಕಾಲುವೆಗಾಗಿ ತಿಂಗಳುಗಟ್ಟಲೆ ಧರಣಿ ಕೂತದ್ದು ನಿಮಗೆ ನೆನಪಿರಬೇಕು. ಕಾಲುವೆ ಬರೋ ತನಕ ಅಲ್ಲಿ ಬೋರ್‌ವೆಲ್ಲೇ ಆಸರೆ, ಬೋರ್‌ವೆಲ್‌ಗೆ ತ್ರೀ ಫೇಸ್ ಕರೆಂಟೇ ಆಸರೆ.

‘ಕರೆಂಟು ಫ್ರೀ ಕೊಡ್ತಾರಲ್ಲ’ ಅನ್ನೋರಿಗೆ

10 ಎಚ್‌ಪಿ ತನಕದ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಇದೆ, ಇನ್ನೇನು ಬೇಕು ಅಂತ ಪಟ್ಟಣದ ಗೆಳೆಯರು ಕೇಳ್ತಾರೆ. ಮೊದಲನೇ ಮಾತು, ಉಚಿತ ಅಂದರೆ ಕಂಪನಿ ದಾನ ಮಾಡ್ತಿಲ್ಲ. ಆಯೋಗ ನಿಗದಿ ಮಾಡಿದ ದರದಲ್ಲಿ ಸರ್ಕಾರ ಸಹಾಯಧನ ಕಟ್ಟುತ್ತದೆ. ಎರಡನೇದು, ಅದು ಯೂನಿಟ್ಟಿನ ಲೆಕ್ಕ, ವೈರಿನ ಲೆಕ್ಕ ಅಲ್ಲ. ಮೂರನೇದು, ಲೈನು ಸರಿ ಇಲ್ಲದಿದ್ದರೆ ಆ ಉಚಿತ ಕರೆಂಟೇ ದುಬಾರಿ ಆಗ್ತದೆ. 415 ವೋಲ್ಟ್ ಇರಬೇಕಾದಲ್ಲಿ 340 ಬಂದರೆ, ಅದೇ ಲೋಡ್ ಎಳೆಯೋಕೆ ಮೋಟರ್ ಸುಮಾರು ಶೇ 22 ಹೆಚ್ಚು ಆಂಪಿಯರ್ ಎಳೆಯುತ್ತದೆ. ವೈರಿನಲ್ಲಿ ಆಗುವ ನಷ್ಟ ಆಂಪಿಯರ್‌ನ ವರ್ಗದ ಲೆಕ್ಕದಲ್ಲಿ ಏರೋದರಿಂದ ಅದು ಒಂದೂವರೆ ಪಟ್ಟು ಆಗ್ತದೆ. ಕಂಪನಿಗೂ ನಷ್ಟ, ಸಹಾಯಧನ ಕಟ್ಟುವ ಸರ್ಕಾರಕ್ಕೂ ನಷ್ಟ, ರೀವೈಂಡಿಂಗ್ ಅಂಗಡಿಗೆ ಮೋಟರ್ ಹೊತ್ತೊಯ್ಯುವ ರೈತನಿಗಂತೂ ನಷ್ಟವೇ. ಕೊನೆಯ ಕಂಬಕ್ಕೆ ದುಡ್ಡು ಹಾಕಿದರೆ ಈ ಮೂವರಿಗೂ ಉಳಿತಾಯ.

ಬೇರೆ ದೇಶಗಳಲ್ಲೂ ಈ ಚರ್ಚೆ ನಡೆದಿದೆ. ಅಮೆರಿಕದಲ್ಲಿ 2003ರ ದೊಡ್ಡ ಬ್ಲ್ಯಾಕ್‌ಔಟ್ ಆದ ಮೇಲೆ, 2006ರಲ್ಲಿ ಅಲ್ಲಿನ ಕೇಂದ್ರ ನಿಯಂತ್ರಣ ಆಯೋಗ ಲೈನು ಕಟ್ಟುವವರಿಗೆ ಹೆಚ್ಚುವರಿ ಲಾಭದ ನಿಯಮ ತಂದಿತು. ಹೇಗೂ ಕಟ್ಟಬೇಕಿದ್ದ ಲೈನಿಗೂ ಬಹುಮಾನ ಯಾಕೆ ಅಂತ ಅಲ್ಲಿ ಈಗಲೂ ಜಗಳ ಇದೆ. ಬ್ರಿಟನ್‌ನಲ್ಲಿ ಬೇರೆ ದಾರಿ ಹಿಡಿದರು. ಗ್ರಾಹಕರಿಗೆ ವರ್ಷದಲ್ಲಿ ಎಷ್ಟು ಸಲ, ಎಷ್ಟು ನಿಮಿಷ ಕರೆಂಟು ಹೋಯ್ತು ಅಂತ ಎಣಿಸಿ, ಗುರಿಗಿಂತ ಕಡಿಮೆ ಹೋದರೆ ವಿತರಣಾ ಕಂಪನಿಗೆ ಬಹುಮಾನ, ಜಾಸ್ತಿ ಹೋದರೆ ಆದಾಯದಲ್ಲಿ ಕಡಿತ. ನನಗೆ ಇದು ಹೆಚ್ಚು ನ್ಯಾಯ ಅನಿಸ್ತದೆ. ಬಹುಮಾನ ಕೊಡುವಾಗ ಟವರ್ ನಿಂತಿದೆಯಾ ಅಂತ ನೋಡಿದರೆ ಸಾಲದು, ಮೋಟರ್ ತಿರುಗ್ತಾ ಅಂತಲೂ ನೋಡಬೇಕು.

ನಾನು ಕೇಳೋದು ಮೂರೇ

ಒಂದು, ರೈತ ಹಾಕಿದ ಮೂಲಸೌಕರ್ಯದ ದುಡ್ಡನ್ನು, ಮಂಜೂರಾದ ಅಂದಾಜುಪಟ್ಟಿಯ ಪ್ರಕಾರ, ಏಳೋ ಹತ್ತೋ ವರ್ಷದ ಕಂತಿನಲ್ಲಿ ಬಡ್ಡಿ ಸಮೇತ ವಾಪಸ್ ಕೊಡಲಿ. ಪಂಪ್‌ಸೆಟ್ ಬಿಲ್ ಇಲ್ಲ, ಎಷ್ಟೋ ಮನೆಗೆ ಗೃಹಜ್ಯೋತಿ ಇದೆ, ಬಿಲ್ಲಲ್ಲಿ ಕಳೆಯೋಕೆ ಆಗೋದಿಲ್ಲ. ಪಿಎಂ ಕಿಸಾನ್ ದುಡ್ಡು ಬರೋ ಹಾಗೆ ನೇರ ಖಾತೆಗೆ ಬರಲಿ. ಆಮೇಲೆ ಅದೇ ಟಿ.ಸಿ.ಗೆ ಸಂಪರ್ಕ ಪಡೆಯುವ ಪಕ್ಕದ ಹೊಲದವರೂ ಮೊದಲು ದುಡ್ಡು ಹಾಕಿದವನಿಗೆ ತಮ್ಮ ಪಾಲು ಕೊಡುವ ನಿಯಮ ಬರಲಿ.

ಎರಡು, ಕಂಪನಿಗಳಿಗೆ ಖಾತ್ರಿ ಲಾಭದ ಮೇಲೆ ಕೊಡುವ ಹೆಚ್ಚುವರಿಯನ್ನು ಫೀಡರ್‌ನ ಕೊನೆಯ ವೋಲ್ಟೇಜ್‌ಗೆ ಕಟ್ಟಲಿ. ನಿಯಮದ ಪ್ರಕಾರ ವೋಲ್ಟೇಜ್ ಶೇ 6ಕ್ಕಿಂತ ಕೆಳಗೆ ಬೀಳಬಾರದು, ಅಂದರೆ ತ್ರೀ ಫೇಸ್‌ನಲ್ಲಿ 390 ವೋಲ್ಟ್ ಇರಲೇಬೇಕು.

ಮೂರು, ಹಳ್ಳಿಯಲ್ಲಿ ಸುಟ್ಟ ಟಿ.ಸಿ.ಯನ್ನು 72 ಗಂಟೆಯೊಳಗೆ ಬದಲಿಸಬೇಕು ಅನ್ನೋ ಸೇವಾ ಮಾನದಂಡ ಇದೆ. ಅದು ತಪ್ಪಿದರೆ ಪರಿಹಾರ ಅರ್ಜಿ ಇಲ್ಲದೇ ಖಾತೆಗೆ ಬರಲಿ, ಮತ್ತೆ ಆ ದುಡ್ಡನ್ನು ಮುಂದಿನ ವರ್ಷದ ದರದಲ್ಲಿ ನಮ್ಮಿಂದಲೇ ವಸೂಲು ಮಾಡದಿರಲಿ.

ನೀವು ಮಾಡಬಹುದಾದ್ದು

ಇದೆಲ್ಲ ನಿರ್ಧಾರ ಆಗೋದು ಕೆಇಆರ್‌ಸಿ ಮುಂದೆ. ಕಂಪನಿಗಳು ದರದ ಅರ್ಜಿ ಹಾಕಿದ ಮೇಲೆ ಪತ್ರಿಕೆಯಲ್ಲಿ ಪ್ರಕಟಣೆ ಬರ್ತದೆ, ಆಕ್ಷೇಪಣೆ ಕರೀತಾರೆ, ಸಾರ್ವಜನಿಕ ವಿಚಾರಣೆ ನಡೀತದೆ. 2025ರ ಏಪ್ರಿಲ್‌ನಿಂದ ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಅಂತ ಯೂನಿಟ್‌ಗೆ 36 ಪೈಸೆ ಬಿಲ್ಲಿಗೆ ಸೇರಿದ್ದು ಇಂಥದೇ ದರ ಆದೇಶದಿಂದ. ಅಲ್ಲಿ ಕೈಗಾರಿಕೆಯವರು ಲೆಕ್ಕ ಹಿಡಿದು ಬರ್ತಾರೆ. ನಾವೂ ಲೆಕ್ಕ ಹಿಡಿದು ಹೋಗಬೇಕು.

ನಿಮ್ಮ ಕೈಯಲ್ಲಿ ಫೋನ್ ಇದೆ. ಮೋಟರ್ ಚಾಲೂ ಮಾಡಿದಾಗ ಸ್ಟಾರ್ಟರ್ ಪೆಟ್ಟಿಗೆಯ ವೋಲ್ಟ್ ಮೀಟರ್ ಫೋಟೋ ತೆಗೆದಿಡಿ, ದಿನಾಂಕ, ಸಮಯ ಕಾಣಲಿ. ಟಿ.ಸಿ. ಸುಟ್ಟರೆ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬಾಯಿಮಾತಿನ ದೂರು ಗಾಳಿಗೆ ಹೋಗ್ತದೆ. ಕಂಬ, ಟಿ.ಸಿ.ಗೆ ಕೊಟ್ಟ ಪ್ರತಿ ರೂಪಾಯಿಗೂ ರಸೀದಿ, ಅಂದಾಜುಪಟ್ಟಿಯ ಪ್ರತಿ ಇರಲಿ. ಪರಿಹಾರ ಸಿಗದಿದ್ದರೆ ಜಿಲ್ಲೆಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ.

ಹೊಲದಲ್ಲಿ ದೊಡ್ಡ ಟವರ್ ಬರೋದಾದರೆ ಇನ್ನೊಂದು ಮಾತು. ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಜೂನ್ ಮಾರ್ಗಸೂಚಿಯಲ್ಲಿ ಟವರ್ ನಿಲ್ಲುವ ಜಾಗಕ್ಕೆ ಭೂಮಿ ಬೆಲೆಯ ಶೇ 200, ತಂತಿ ಹಾಯುವ ಪಟ್ಟಿಗೆ ಶೇ 30 ಪರಿಹಾರ ಹೇಳಿದೆ. ಇದನ್ನು ಜಾರಿ ಮಾಡಬೇಕಾದದ್ದು ರಾಜ್ಯ. ಸಹಿ ಹಾಕುವ ಮೊದಲು ಯಾವ ದರದಲ್ಲಿ ಲೆಕ್ಕ ಹಾಕಿದ್ದೀರಿ ಅಂತ ಬರವಣಿಗೆಯಲ್ಲಿ ಕೇಳಿ.

ಒಂದು ಫೀಡರ್‌ನ ಇಪ್ಪತ್ತು ರೈತರು ಒಂದು ಹಂಗಾಮಿನ ಫೋಟೋ, ದೂರಿನ ನಂಬರ್, ರಸೀದಿ ಒಟ್ಟುಮಾಡಿ ಆಕ್ಷೇಪಣೆ ಹಾಕಿದರೆ ಆಯೋಗ ಅದಕ್ಕೆ ಆದೇಶದಲ್ಲಿ ಉತ್ತರ ಬರೆಯಬೇಕಾಗ್ತದೆ. ಈ ಹಂಗಾಮಿನಿಂದಲೇ ಶುರು ಮಾಡಿ.