ಕೈಸನ್ನೆಯೂ ಮಾತೂ

ಗಣಕಯಂತ್ರವನ್ನು ಬಲ್ಲೆವೆಂದು ಹೇಳುವ ವಿದ್ಯಾರ್ಥಿಗಳಿಗೆ ಈಗ ನಮ್ಮ ಕರಾವಳಿಯಲ್ಲಿ ಕೊರತೆಯಿಲ್ಲ. ಉಡುಪಿಯ ರಥಬೀದಿಯ ಮಗ್ಗುಲಲ್ಲಿಯೂ, ಕಾಪುವಿನ ಕಡಲ ಬದಿಯಲ್ಲಿಯೂ ಮನೆಗೊಬ್ಬರಂತೆ ಅಂಥವರು ಸಿಗುತ್ತಾರೆ. ಆದರೆ ಬಲ್ಲೆವೆಂದರೆ ಏನರ್ಥವೆಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ತೆರೆಯ ಮೇಲಿನ ಯಾವ ಚಿತ್ರವನ್ನು ಒತ್ತಿದರೆ ಏನಾಗುವುದೆಂಬುದು ಗೊತ್ತಿದೆ, ಅಷ್ಟೆ. ಇದು ತಿಳಿವಳಿಕೆಯೇ ಅಲ್ಲವೆಂದು ನಾವು ಹೇಳುವುದಿಲ್ಲ. ಇದು ಅರೆ ತಿಳಿವಳಿಕೆಯೆಂದೂ, ಉಳಿದರ್ಧವನ್ನು ನಮ್ಮ ಶಾಲೆ ಕಾಲೇಜುಗಳು ಕಲಿಸದೆ ಬಿಟ್ಟಿರುವುದರಿಂದ ಮಕ್ಕಳಿಗೆ ನಷ್ಟವಾಗುತ್ತಿದೆಯೆಂದೂ ಹೇಳುತ್ತೇವೆ.

ಉಡುಪಿಯ ಹೆಸರನ್ನು ದೇಶಕ್ಕೆಲ್ಲ ಹರಡಿದುದು ಹೋಟೆಲು. ಉದಾಹರಣೆಯೂ ಅಲ್ಲಿಂದಲೇ ಬರಲಿ. ನಮ್ಮ ಭಾಷೆಯನ್ನರಿಯದ ಪ್ರವಾಸಿಯೊಬ್ಬನು ಗೋಡೆಯ ಮೇಲಿನ ದೋಸೆಯ ಚಿತ್ರಕ್ಕೆ ಬೆರಳು ತೋರಿಸುತ್ತಾನೆ, ದೋಸೆ ಬರುತ್ತದೆ, ಹೊಟ್ಟೆಯೂ ತುಂಬುತ್ತದೆ. ಆದರೆ "ಎರಡು ಮಸಾಲೆ, ಒಂದು ಗರಿಗರಿಯಾಗಿ, ಇನ್ನೊಂದಕ್ಕೆ ಈರುಳ್ಳಿ ಬೇಡ, ಚಟ್ನಿ ಬೇರೆ ಬಟ್ಟಲಲ್ಲಿ" ಎಂಬುದನ್ನು ಬೆರಳಿನಿಂದ ಹೇಳುವ ಬಗೆ ಎಂತು? ಅದಕ್ಕೆ ಮಾತೇ ಬೇಕು. ಗೋಡೆಯ ಮೇಲೆ ಬರೆದಿರುವಷ್ಟೇ ಅವನ ಲೋಕ. ನಾಳೆ ಯಜಮಾನರು ಚಿತ್ರಗಳ ಸ್ಥಾನವನ್ನು ಬದಲಿಸಿದರೆ ಅವನು ಮತ್ತೆ ಮೊದಲಿನಿಂದ ಹುಡುಕಬೇಕು.

ಗಣಕದೊಡನೆ ಮಾತಿನ ಮೂಲಕ ವ್ಯವಹರಿಸುವ ಏರ್ಪಾಡಿಗೆ ಕಮಾಂಡ್ ಲೈನ್, ಎಂದರೆ ಆದೇಶಸಾಲು, ಎಂದು ಹೆಸರು. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯಲ್ಲಿ ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದರೆ ಒಂದು ಬರಿಯ ಸಾಲು ಮಿನುಗುತ್ತ ನಿಲ್ಲುತ್ತದೆ. ನಾವು ಬರೆದುದನ್ನು ಓದಿ, ಅರ್ಥಮಾಡಿಕೊಂಡು, ಒಳಗಿನ ವ್ಯವಸ್ಥೆಗೆ ಮುಟ್ಟಿಸುವ ದುಭಾಷಿಗೆ ಶೆಲ್ ಎನ್ನುತ್ತಾರೆ. ಈ ಭಾಷೆಯ ವ್ಯಾಕರಣ ಹನ್ನೆರಡು ವರ್ಷದ ಬಾಲಕನಿಗೂ ಎಟುಕುವಂಥದು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಲ್ಲಿ ಮೊದಲಿಗೆ ಬರುತ್ತದೆ. ಅದರ ಹಿಂದೆ ಒಂದು ಅಡ್ಡಗೆರೆಯೊಡನೆ ಕ್ರಿಯಾವಿಶೇಷಣ, ಅನಂತರ ಕರ್ಮಪದ. 'ಎಲ್ ಎಸ್' ಎಂಬ ಎರಡು ರೋಮನ್ ಅಕ್ಷರಗಳೆಂದರೆ 'ಪಟ್ಟಿ ಮಾಡು'. ಅದಕ್ಕೆ ಅಡ್ಡಗೆರೆ ಹಾಕಿ 'ಎಲ್' ಸೇರಿಸಿದರೆ 'ವಿವರವಾಗಿ ಪಟ್ಟಿ ಮಾಡು'. ಕಡತಕೋಶದ ಹೆಸರನ್ನೂ ಸೇರಿಸಿದರೆ ವಾಕ್ಯ ಪೂರ್ಣವಾಯಿತು. 'ಸಿ ಡಿ' ಎಂದರೆ ಇನ್ನೊಂದು ಕೋಶಕ್ಕೆ ಹೋಗು, 'ಸಿ ಪಿ' ಎಂದರೆ ನಕಲು ಮಾಡು, 'ಎಂ ವಿ' ಎಂದರೆ ಸ್ಥಳವನ್ನೋ ಹೆಸರನ್ನೋ ಬದಲಿಸು. ಇಂಥ ಹದಿನೈದು ಕ್ರಿಯಾಪದಗಳು ದಿನಬಳಕೆಗೆ ಧಾರಾಳವಾಗಿ ಸಾಲುತ್ತವೆ.

ಇವು ಇಷ್ಟು ಮೊಟಕಾಗಿರುವುದೇಕೆಂದು ಕೇಳಬಹುದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದಾಗ ಅವರ ಮುಂದೆ ಇಂದಿನ ತೆರೆಯಿರಲಿಲ್ಲ, ಟೆಲಿಟೈಪ್ ಯಂತ್ರವಿತ್ತು. ಅದರ ಕೀಲಿಗಳನ್ನು ಬಲವಾಗಿ ಒತ್ತಬೇಕು. ಅದು ಕಾಗದದ ಮೇಲೆ ಸೆಕೆಂಡಿಗೆ ಹತ್ತು ಅಕ್ಷರಗಳಂತೆ ಮುದ್ರಿಸುತ್ತಿತ್ತು. ಅಕ್ಷರವೊಂದು ಉಳಿದರೂ ಬೆರಳಿಗೆ ಸುಖ. ಯಂತ್ರ ಹೋಯಿತು, ಮೊಟಕು ಉಳಿಯಿತು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಯುನಿಕ್ಸಿನಂಥ, ಆದರೆ ಎಲ್ಲರೂ ತೆರೆದು ನೋಡಿ ತಿದ್ದಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಅದರ ತಿರುಳಾಗಬಲ್ಲ ಲಿನಕ್ಸನ್ನು ಬರೆದರು. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿವೇಗದ 500 ಗಣಕಗಳ ಪಟ್ಟಿಯಲ್ಲಿರುವವೆಲ್ಲ ಲಿನಕ್ಸಿನಿಂದಲೇ ನಡೆಯುತ್ತಿವೆ. ವಾಚಕರ ಕೈಯಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ತಿರುಳೂ ಅದೇ. ಐವತ್ತು ವರ್ಷದ ಹಿಂದೆ ಕಲಿತ 'ಎಲ್ ಎಸ್' ಇಂದಿಗೂ ಹಾಗೆಯೇ ನಡೆಯುತ್ತದೆ. ಐದು ವರ್ಷದ ಹಿಂದೆ ಕಲಿತ ಗುಂಡಿಯ ಸ್ಥಾನ ಈಗ ಎಲ್ಲಿದೆಯೋ ಬಲ್ಲವರಾರು?

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ನಿಂತ ಬಾಹುಬಲಿಯ ಎತ್ತರ ಸುಮಾರು 42 ಅಡಿ. ಅಷ್ಟು ದೊಡ್ಡ ಮೂರ್ತಿಯನ್ನು ಕಡೆಯಲು ದೊಡ್ಡ ಯಂತ್ರವೊಂದಿರಲಿಲ್ಲ. ಚಾಣ, ಸುತ್ತಿಗೆ ಮೊದಲಾದ ಸಣ್ಣ ಸಲಕರಣೆಗಳಿದ್ದವು. ಯುನಿಕ್ಸ್ ಪರಂಪರೆಯೂ ಇದೇ ಜಾತಿಯದು. ಒಂದು ಸಲಕರಣೆ ಒಂದೇ ಕೆಲಸ ಮಾಡಬೇಕು, ಅದನ್ನು ಚೆನ್ನಾಗಿ ಮಾಡಬೇಕು. ಆದರೆ ಇಲ್ಲಿ ಶಿಲ್ಪಿಗೆ ಇಲ್ಲದ ಒಂದು ಸೌಕರ್ಯವುಂಟು. ಡಗ್ಲಾಸ್ ಮೆಕಿಲ್ರಾಯ್ ಎಂಬವರ ಸೂಚನೆಯಂತೆ 1973ರಲ್ಲಿ ಯುನಿಕ್ಸಿಗೆ 'ಪೈಪ್' ಬಂದಿತು. ಒಂದು ನೆಟ್ಟಗಿನ ಗೆರೆಯೇ ಅದರ ಚಿಹ್ನೆ. ಗೆರೆಯ ಎಡಗಡೆಯ ಆದೇಶ ಹೊರಚೆಲ್ಲಿದುದೆಲ್ಲ ಬಲಗಡೆಯ ಆದೇಶದ ಬಾಯಿಗೆ ಬೀಳುತ್ತದೆ, ತೋಟದಲ್ಲಿ ಒಂದು ದಂಬೆಯ ನೀರು ಇನ್ನೊಂದು ದಂಬೆಗೆ ಹರಿಯುವಂತೆ.

ಇದರ ಬಲವನ್ನು ಮಳೆಯ ಲೆಕ್ಕದಿಂದ ತೋರಿಸಬಹುದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಶಾಲೆಯ ಅಂಗಳದಲ್ಲಿಯೂ ಒಂದು ಮಾಪಕವಿಟ್ಟು ಅಳೆಯುವುದು ಕಷ್ಟವಲ್ಲ. ಉಡುಪಿ, ಕಾಪು, ಕಾರ್ಕಳಗಳ ಮೂವರು ಗೆಳೆಯರು 'ಮಳೆ' ಎಂಬ ಕಡತದಲ್ಲಿ ದಿನಕ್ಕೊಂದು ಸಾಲಿನಂತೆ ತಾರೀಖು, ಊರು, ಮಿಲಿಮೀಟರ್ ಈ ಮೂರನ್ನು ಬರೆಯುತ್ತ ಬಂದರೆನ್ನೋಣ. ವರ್ಷಾಂತ್ಯಕ್ಕೆ ಸಾವಿರಕ್ಕೆ ಮಿಕ್ಕಿ ಸಾಲುಗಳಾದವು. ಕಾರ್ಕಳದಲ್ಲಿ ಅತಿ ಹೆಚ್ಚು ಸುರಿದ ಹತ್ತು ದಿನಗಳು ಯಾವುವು? 'ಗ್ರೆಪ್' ಎಂದು ಬರೆದು, ಕಾರ್ಕಳವೆಂಬ ಪದವನ್ನು ಕನ್ನಡದಲ್ಲಿಯೇ ಕೊಟ್ಟು, ಕಡತದ ಹೆಸರು ಸೇರಿಸಿದರೆ ಆ ಊರಿನ ಸಾಲುಗಳಷ್ಟೇ ಉಳಿಯುತ್ತವೆ. ನೆಟ್ಟಗಿನ ಗೆರೆ ಹಾಕಿ 'ಸಾರ್ಟ್' ಬರೆದು, ಮೂರನೆಯ ಅಂಕಣದಂತೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸೆಂದರೆ ಜೋಡಿಸುತ್ತದೆ. ಇನ್ನೊಂದು ಗೆರೆ, 'ಹೆಡ್' ಎಂಬ ಪದ; ಮೊದಲ ಹತ್ತು ಸಾಲುಗಳು ಕಣ್ಣಮುಂದೆ. ಒಟ್ಟು ಒಂದೇ ವಾಕ್ಯ. ಮುಂದಿನ ವರ್ಷ ಅದೇ ವಾಕ್ಯವನ್ನು ಹೊಸ ಕಡತಕ್ಕೆ ಹೇಳಿದರಾಯಿತು. ಗೆಳೆಯನಿಗೆ ಕಾಗದದಲ್ಲಿ ಬರೆದು ಕಳುಹಿಸಲೂಬಹುದು. ಇಲಿಯ ಓಡಾಟವನ್ನು ಕಾಗದದಲ್ಲಿ ಬರೆದು ಕಳುಹಿಸಿದವರುಂಟೆ?

ಇಲ್ಲಿ ಒಂದು ಮೋಸದ ಗುಂಡಿಯುಂಟು. ಸಂಖ್ಯೆಯಾಗಿ ಜೋಡಿಸೆಂದು ಸೂಚಿಸುವ 'ಎನ್' ಅಕ್ಷರವನ್ನು ಬಿಟ್ಟರೆ, 'ಸಾರ್ಟ್' ನಿಘಂಟಿನ ಕ್ರಮದಲ್ಲಿ ನಡೆಯುತ್ತದೆ. ಮೊದಲ ಅಕ್ಷರವನ್ನೇ ಹೋಲಿಸುತ್ತದೆ. ಆಗ 9 ಮಿಲಿಮೀಟರಿನ ತುಂತುರು ಮೊದಲ ಸ್ಥಾನಕ್ಕೇರಿ, 45 ಅದರ ಕೆಳಗೆ ಬಂದು, 112 ಮಿಲಿಮೀಟರಿನ ಜಡಿಮಳೆ ಎಲ್ಲಕ್ಕೂ ಅಡಿಗೆ ಬೀಳುತ್ತದೆ. ಯಂತ್ರ ತಪ್ಪಲಿಲ್ಲ; ನಾವು ಕೇಳಿದ ಪ್ರಶ್ನೆ ತಪ್ಪಿತು. ಸಂಖ್ಯೆಗೂ ಸಂಖ್ಯೆಯ ಬರಹಕ್ಕೂ ಇರುವ ಭೇದ ಇಷ್ಟು ಬೇಗ ಮನಸ್ಸಿಗೆ ಹತ್ತುವ ಪಾಠ ಇನ್ನೊಂದನ್ನು ನಾವು ಕಾಣೆವು.

ಕನ್ನಡದ ವಿದ್ಯಾರ್ಥಿಗಳು ತಪ್ಪದೆ ಮಾಡಿ ನೋಡಬೇಕಾದ ಪ್ರಯೋಗವೊಂದಿದೆ. ಎಣಿಸುವ ಆದೇಶಕ್ಕೆ 'ಡಬ್ಲ್ಯು ಸಿ' ಎಂದು ಹೆಸರು. 'ಪ್ರಿಂಟ್‌ಎಫ್' ಬರೆದು, ಉಡುಪಿ ಎಂಬ ಪದವನ್ನು ಕೊಟ್ಟು, ಪೈಪಿನ ಮೂಲಕ ಎಣಿಕೆಗೆ ಕಳುಹಿಸಿರಿ. ಬೈಟುಗಳನ್ನು ಎಣಿಸೆಂದರೆ 15 ಎನ್ನುತ್ತದೆ. ಸಂಕೇತಗಳನ್ನು ಎಣಿಸೆಂದರೆ 5 ಎನ್ನುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಇದೇನು ಸೋಜಿಗ? ಯೂನಿಕೋಡ್ ಕ್ರಮದಲ್ಲಿ ಉ, ಡ, ಕೊಂಬು, ಪ, ಗುಡಿಸು ಎಂದು ಐದು ಸಂಕೇತಗಳು. ಕನ್ನಡದ ಪ್ರತಿಯೊಂದು ಸಂಕೇತವನ್ನಿಡಲು ಮೂರು ಬೈಟು. ಕಾರ್ಕಳಕ್ಕೆ 18 ಬೈಟು, ಆರು ಸಂಕೇತ: ಕ, ಇಳಿ, ರ, ಅರ್ಧಾಕ್ಷರದ ಗುರುತು, ಕ, ಳ. ಬರಹದಲ್ಲಿ ಅರ್ಕಾವೊತ್ತು ಹಿಂದೆ ಬಂದರೂ ಗಣಕದೊಳಗೆ 'ರ' ಉಚ್ಚಾರಣೆಯ ಕ್ರಮದಲ್ಲಿ ಮುಂಚೆಯೇ ಕುಳಿತಿದೆ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿಯೂ ಕಾರ್ಕಳವೆಂದು ಬರೆಯಲು ಇದೇ ಕ್ರಮದಲ್ಲಿ ಆರೇ ಕೀಲಿಗಳು. ಕಣ್ಣಿಗಿಂತ ಕಿವಿಯನ್ನು ನಂಬಿದ ವಿನ್ಯಾಸವದು. ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಉಚಿತವಾಗಿ ಹಂಚಿದುದೂ ಸ್ಮರಣೀಯ. ಆ ಕೀಲಿಮಣೆ 'ಕಗಪ' ಎಂಬ ಹೆಸರಿನಿಂದ ಲಿನಕ್ಸಿನೊಳಗೇ ಸಿದ್ಧವಾಗಿದೆ. ಹೊರಗಿನಿಂದ ತರಬೇಕಾದುದೇನೂ ಇಲ್ಲ.

ಇನ್ನೊಂದು ಮಾತನ್ನು ಹೇಳದಿರಲಾರೆವು. 'ಟಾಪ್' ಎಂದು ಬರೆದರೆ ಆ ಹೊತ್ತಿಗೆ ನಡೆಯುತ್ತಿರುವ ಕಾರ್ಯಗಳೆಲ್ಲ ಸಾಲಾಗಿ ಕಾಣುತ್ತವೆ. ನೂರಾರು ಕಾರ್ಯಗಳು, ಬೆರಳೆಣಿಕೆಯ ಸಂಸ್ಕಾರಕಗಳು. ಎಲ್ಲವೂ ಒಟ್ಟಿಗೆ ನಡೆಯುವಂತೆ ತೋರುವುದೆಂತು? ಉಡುಪಿಯವರಿಗೆ ಇದನ್ನು ವಿವರಿಸುವುದು ಸುಲಭ: ಪರ್ಯಾಯದಿಂದ. ಎಂಟು ಮಠಗಳು, ಒಂದು ಪೂಜಾಪೀಠ, ಸರದಿಗೆ ಎರಡು ವರ್ಷ. ಗಣಕದಲ್ಲಿ ಸರದಿಯ ಅವಧಿ ಸೆಕೆಂಡಿನ ಸಾವಿರದ ಕೆಲವು ಅಂಶಗಳು, ಅಷ್ಟೇ ವ್ಯತ್ಯಾಸ.

ಅಪಾಯವಿಲ್ಲವೆ ಎಂದರೆ, ಇದೆ. 'ಆರ್ ಎಂ' ಎಂಬುದು ಅಳಿಸುವ ಆದೇಶ; ಅದು ಕಸದ ಬುಟ್ಟಿಗೆ ಹಾಕುವುದಿಲ್ಲ, ಅಳಿಸಿಯೇ ಬಿಡುತ್ತದೆ. ಒಮ್ಮೆ ನಾವು ಒಂದು ಬಗೆಯ ಹಳೆಯ ಕರಡುಗಳನ್ನಷ್ಟೇ ಅಳಿಸಹೊರಟು, ನಕ್ಷತ್ರ ಚಿಹ್ನೆಗೂ ಮುಂದಿನ ಚುಕ್ಕೆಗೂ ನಡುವೆ ಅರಿಯದೆ ತೆರಪೊಂದನ್ನು ಬಿಟ್ಟೆವು. 'ಈ ಬಗೆಯವೆಲ್ಲ' ಎಂಬ ಮಾತು 'ಎಲ್ಲವೂ, ಜತೆಗೆ ಇದೊಂದು' ಎಂದಾಯಿತು. ಕೋಶ ಬರಿದಾಯಿತು. ಮೂರು ತಿಂಗಳ ಟಿಪ್ಪಣಿ ಹೋದುದರ ಬಗೆಗೆ ಯಂತ್ರ ಚಕಾರವೆತ್ತಲಿಲ್ಲ. ಕೊನೆಯ ಹೆಸರಿನ ಕಡತ ಸಿಗಲಿಲ್ಲವೆಂದು ಮಾತ್ರ ದೂರಿತು! ಅಂದಿನಿಂದ ಅಳಿಸಬೇಕಾದುದನ್ನು ಮೊದಲು 'ಎಲ್ ಎಸ್' ಮೂಲಕ ಪಟ್ಟಿ ಮಾಡಿ ನೋಡಿ, ಅನಂತರ ಕ್ರಿಯಾಪದವನ್ನು ಬದಲಿಸುತ್ತೇವೆ.

ಇದು ಮಣಿಪಾಲದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತಕ್ಕುದು, ನಮಗೇಕೆ ಎಂಬ ಮಾತನ್ನು ಕೇಳಿದ್ದೇವೆ. ಮಳೆಯ ಲೆಕ್ಕ ಭೂಗೋಳದವನಿಗೂ, ಪದಗಳ ಎಣಿಕೆ ಕನ್ನಡ ಎಂ.ಎ. ಓದುವವನಿಗೂ ಬೇಕಾದುದೇ. ಇಂಗ್ಲಿಷ್ ತೊಡಕೆಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ 'ಗ್ರೆಪ್' ಎಂಬುದು ಇಂಗ್ಲಿಷ್ ಮಗುವಿಗೂ ಹೊಸ ಪದವೇ. ಕೃತಕ ಬುದ್ಧಿಯ ತಂತ್ರಾಂಶಗಳು ಕೇಳಿದ ಕೂಡಲೆ ಆದೇಶವನ್ನು ಬರೆದುಕೊಡುವಾಗ ಕಲಿಯುವ ಶ್ರಮವೇಕೆಂಬುದು ಈಚಿನ ಆಕ್ಷೇಪ. ಬರೆದುಕೊಟ್ಟುದನ್ನು ಓದಲು ಬಾರದವನು ಎಂಟರ್ ಒತ್ತುವುದಕ್ಕೂ, ಅಕ್ಷರವರಿಯದವನು ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವುದಕ್ಕೂ ನಮಗೆ ಹೆಚ್ಚಿನ ಭೇದ ಕಾಣುವುದಿಲ್ಲ. ಇಲಿಯನ್ನು ಬಿಸಾಡಿರೆಂದು ನಾವು ಹೇಳುತ್ತಿಲ್ಲ. ಚಿತ್ರ ಬರೆಯಲು, ಛಾಯಾಚಿತ್ರ ತಿದ್ದಲು ಅದೇ ಲೇಸು.

ಕಲಿಯಲು ಇದು ಒಳ್ಳೆಯ ಕಾಲವೂ ಹೌದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ರ ನಿಬಂಧನೆಗಳಿಗೆ ಒಗ್ಗದ ಗಣಕಗಳು ಎಷ್ಟೋ ಮನೆಗಳಲ್ಲಿ, ಶಾಲೆಗಳಲ್ಲಿ ಇವೆ. ಯಂತ್ರ ಗಟ್ಟಿಯಾಗಿಯೇ ಇದ್ದರೂ ಗುಜರಿಯ ದಾರಿ ಹಿಡಿಯುತ್ತಿದೆ. ಲಿನಕ್ಸ್ ಹಾಕಿದರೆ ಅವು ಇನ್ನೂ ಹಲವು ವರ್ಷ ದುಡಿದಾವು. ಇದು ಬರಿಯ ಕನಸಲ್ಲವೆಂಬುದಕ್ಕೆ ಸಾಕ್ಷಿ ನಮ್ಮಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿಯೇ ಇದೆ. ಕೇರಳ ಸರಕಾರ ಈ ಶತಮಾನದ ಮೊದಲ ದಶಕದಲ್ಲಿಯೇ ತನ್ನ ಶಾಲೆಗಳ ಗಣಕಗಳನ್ನು ಮುಕ್ತ ತಂತ್ರಾಂಶಕ್ಕೆ ಒಯ್ದಿತು; ಆದುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಗಣಕದ ಮುಂದೆ ಕುಳಿತು, ಕನ್ನಡದ ಪಠ್ಯಪುಸ್ತಕದಿಂದ ಮಾಹಿತಿ ತಂತ್ರಜ್ಞಾನವನ್ನು ಕಲಿಯುತ್ತಿದ್ದಾರೆ. ಅಲ್ಲಿ ಆದುದು ಇಲ್ಲಿಯ ಎಲ್ಲ ಶಾಲೆಗಳಲ್ಲಿ ಏಕಾಗಬಾರದೆಂದು ಅಧಿಕಾರಿಗಳನ್ನು ಕೇಳುವ ಹಕ್ಕು ಹೆತ್ತವರಿಗೂ ಅಧ್ಯಾಪಕರಿಗೂ ಇದೆ. ಕೇಳಬೇಕೆಂಬುದು ನಮ್ಮ ಮತ.

ಸರಕಾರದ ದಾರಿ ಕಾಯದೆ ಆರಂಭಿಸಬಯಸುವವರು ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ ನೋಡಬಹುದು, ಗಣಕದಲ್ಲಿರುವುದನ್ನು ಅಳಿಸಬೇಕಾಗಿಲ್ಲ. ಶಾಶ್ವತವಾಗಿ ಹಾಕುವ ಮನಸ್ಸಾದರೆ ಮಾತ್ರ ಮನೆಯ ಕಾಗದಪತ್ರ, ಭಾವಚಿತ್ರಗಳನ್ನೆಲ್ಲ ಮುಂಚಿತವಾಗಿ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿರಿ. ಟರ್ಮಿನಲ್ ತೆರೆದು 'ಪಿ ಡಬ್ಲ್ಯು ಡಿ' ಎಂದು ಬರೆದರೆ ನೀವು ಯಾವ ಕೋಶದಲ್ಲಿದ್ದೀರೆಂದು ಅದು ಹೇಳುತ್ತದೆ. ಯಾವ ಆದೇಶದ ಅರ್ಥ ತಿಳಿಯದಿದ್ದರೂ ಅದರ ಮುಂದೆ 'ಮ್ಯಾನ್' ಎಂದು ಸೇರಿಸಿದರೆ ಕೈಪಿಡಿ ತೆರೆಯುತ್ತದೆ. ಹೊರಬರಲು 'ಕ್ಯು' ಅಕ್ಷರವನ್ನು ಒತ್ತಬೇಕು. ಇದನ್ನು ಯಾರೂ ಹೇಳದಿದ್ದುದರಿಂದ ಮೊದಲ ದಿನ ನಾವು ಗಣಕವನ್ನೇ ಆರಿಸಿಬಿಟ್ಟಿದ್ದೆವು.