ಮುಖವಿಲ್ಲದ ಕಿಟಕಿ

ಇಂಗ್ಲೆಂಡಿನ ಸ್ವಾರ್ಡ್‌ಸ್ಟನ್ ಎಂಬ ಹಳ್ಳಿಯ ಚರ್ಚಿನಲ್ಲಿ 1917ರ ಬಣ್ಣಗಾಜಿನ ಕಿಟಕಿಯೊಂದಿದೆ. ಶಿಲುಬೆಯ ಮೇಲಿನ ಕ್ರಿಸ್ತನೆದುರು ಸಮವಸ್ತ್ರದ ದಾದಿಯೊಬ್ಬಳು ಮಂಡಿಯೂರಿದ್ದಾಳೆ. ಆಕೆ ಅದೇ ಊರಿನ ಪಾದ್ರಿಯ ಮಗಳು ಎಡಿತ್ ಕ್ಯಾವೆಲ್. ಜರ್ಮನರ ವಶದಲ್ಲಿದ್ದ ಬ್ರಸೆಲ್ಸ್‌ನಿಂದ ಮಿತ್ರರಾಷ್ಟ್ರಗಳ ಸೈನಿಕರನ್ನು ಗುಟ್ಟಾಗಿ ಗಡಿ ದಾಟಿಸಿದ್ದಕ್ಕಾಗಿ 1915ರ ಅಕ್ಟೋಬರ್ 12ರಂದು ಗುಂಡಿಗೆ ಬಲಿಯಾದವಳು. ಊರವರ ದುಃಖ ನಿಜವಾದದ್ದೇ. ಆದರೂ ದಾದಿಯರ ತರಬೇತಿ ಶಾಲೆಯನ್ನು ನಡೆಸಿದ, ಸಾವಿಗೂ ಅಳುಕದೆ ನೂರಾರು ಜನರನ್ನು ಪಾರುಮಾಡಲು ನೆರವಾದ ಹೆಣ್ಣನ್ನು ಆ ಗಾಜು ಬರಿಯ ಭಕ್ತೆಯನ್ನಾಗಿಸಿದೆ. ಅವಳ ದುಡಿಮೆ ಅಲ್ಲಿಲ್ಲ.

ಇದಕ್ಕಿಂತ ಹಿರಿದಾದ ಗೌರವ ಯಾರ್ಕ್ ಮಿನ್‌ಸ್ಟರ್‌ನಲ್ಲಿದೆ ಎಂದು ನನ್ನ ಎಣಿಕೆ. ಅಲ್ಲಿನ ‘ಐವರು ಸೋದರಿಯರು’ ಎಂಬ ಕಿಟಕಿ 13ನೆಯ ಶತಮಾನದ್ದು. ಸುಮಾರು 16 ಮೀಟರ್ ಎತ್ತರದ ಐದು ಸೀಳುಗಳು, ಲಕ್ಷಕ್ಕೂ ಮಿಕ್ಕಿದ ಗಾಜಿನ ಚೂರುಗಳು. ಬಹುಪಾಲು ಬೂದು–ಹಸಿರು ಛಾಯೆಯ ಎಲೆಬಳ್ಳಿ, ರೇಖಾವಿನ್ಯಾಸ. ಸಂತರೂ ಇಲ್ಲ, ದಾದಿಯರೂ ಇಲ್ಲ. ಜೆಪ್ಪೆಲಿನ್ ದಾಳಿಗೆ ಹೆದರಿ ಯುದ್ಧಕಾಲದಲ್ಲಿ ಈ ಗಾಜನ್ನು ಕಳಚಿಡಲಾಗಿತ್ತು. ಮರಳಿ ಕೂರಿಸಲು ಹೊಸ ಸೀಸದ ಕಟ್ಟು ಬೇಕಾಯಿತು. ಸಾವಿರಾರು ಮಹಿಳೆಯರು ಚಂದಾ ಎತ್ತಿದರು. ಎಂಟನೆಯ ಹೆನ್ರಿ ಮುಚ್ಚಿಸಿದ ರೀವೋ ಮಠದ ನೆಲದಡಿ ಸಿಕ್ಕಿದ ಸೀಸವನ್ನೇ ಕರಗಿಸಿ ಬಳಸಿದರಂತೆ! 1925ರ ಜೂನ್‌ನಲ್ಲಿ ಅದು ಮಹಾಯುದ್ಧದಲ್ಲಿ ಮಡಿದ ಸಾಮ್ರಾಜ್ಯದ ಸ್ತ್ರೀಯರ ಸ್ಮಾರಕವಾಯಿತು. ಪಕ್ಕದ ಓಕ್ ಮರದ ಫಲಕಗಳಲ್ಲಿ 1,400ಕ್ಕೂ ಹೆಚ್ಚು ಹೆಸರುಗಳಿವೆ. ದಾದಿಯರ ಜತೆಗೆ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಸತ್ತವರೂ ಇದ್ದಾರೆ.

ಹಳೆಯ ಕಿಟಕಿಯ ದುರಸ್ತಿಗೆ ಸತ್ತವರ ಹೆಸರು ಹಚ್ಚಿದರಲ್ಲ ಎಂದು ಯಾರಾದರೂ ಮೂಗು ಮುರಿದಾರು. ನನಗೆ ಹಾಗೆನಿಸದು. ಒಡೆದದ್ದನ್ನು ಮತ್ತೆ ಕೂಡಿಸುವುದು ದಾದಿಯ ಕಸುಬಿಗೆ ದೂರದ ಕೆಲಸವೇನಲ್ಲ. ಗಂಡನ ಚಿತೆಯೇರಿದವಳಿಗೆ ನಿಲ್ಲಿಸಿದ ಮಾಸ್ತಿಗಲ್ಲುಗಳನ್ನು ಊರ ಹೊರಗೆ ಕಂಡು ಬೆಳೆದವರು ನಾವು. ಬಳೆ ತೊಟ್ಟು ಮೇಲೆತ್ತಿದ ಕೈ ಅಲ್ಲಿರುತ್ತದೆ. ಎಷ್ಟೋ ಕಲ್ಲುಗಳಲ್ಲಿ ಅವಳ ಹೆಸರೇ ಇರುವುದಿಲ್ಲ. ಯಾರ್ಕಿನ ಫಲಕಗಳಲ್ಲಿ ಹೆಣ್ಣಿನ ಹೆಸರು ಬಂದಿರುವುದು ಗಂಡನ ಸಾವಿನ ನೆರಳಾಗಿ ಅಲ್ಲ, ಅವಳದೇ ದುಡಿಮೆಯ ಲೆಕ್ಕದಲ್ಲಿ. ಅವುಗಳೆದುರು ನಿಂತವನಿಗೆ ಕೈಮುಗಿದು ಮುಂದೆ ಸಾಗಲು ಚಿತ್ರವೊಂದಿಲ್ಲ. ಒಂದೊಂದೇ ಹೆಸರನ್ನು ಓದಬೇಕು.